ಕೊಸರಿನ ತೂಕ

ಕೆಲಸದ ಜಾಗದಲ್ಲಿ ಸುನಂದಳಿಗೆ ಸಿಟ್ಟು ಬಂದದ್ದನ್ನು ಕಂಡವರಿಲ್ಲ. ಕೋಲಾರದ ಒಂದು ಗ್ಯಾಸ್ ಏಜೆನ್ಸಿಯಲ್ಲಿ ದೂರಿನ ಕೌಂಟರ್ ಅವಳದು. ಸಿಲಿಂಡರ್ ಬಂದಿಲ್ಲ ಎಂದು ಬರುವವರು, ಬಂದದ್ದು ಹಗುರವಾಗಿದೆ ಎಂದು ಬರುವವರು, ಬುಕ್ ಮಾಡದೆಯೇ ಮೆಸೇಜ್ ಬಂತು ಎಂದು ಬೆಳಿಗ್ಗೆಯೇ ಕಣ್ಣು ಕೆಂಪಗೆ ಮಾಡಿಕೊಂಡು ಬರುವವರು, ಎಲ್ಲರೂ ಮೊದಲು ನಿಲ್ಲುವುದು ಅವಳ ಮುಂದೆ. ಅವಳು ಪೂರ್ತಿ ಕೇಳುತ್ತಾಳೆ, ನಡುವೆ ಬಾಯಿ ಹಾಕುವುದಿಲ್ಲ. ಕೇಳಿದ್ದನ್ನು ತನ್ನ ಮಾತಿನಲ್ಲಿ ಚಿಕ್ಕದಾಗಿ ತಿರುಗಿ ಹೇಳಿ, "ಇಷ್ಟೇ ತಾನೇ ಸಾರ್?" ಎನ್ನುತ್ತಾಳೆ. ಅಷ್ಟು ಹೊತ್ತಿಗೆ ಎದುರಿಗಿದ್ದವರ ಸಿಟ್ಟು ಅರ್ಧ ಇಳಿದಿರುತ್ತದೆ. ಆಮೇಲೆ ಏನು ಮಾಡುತ್ತೇವೆ, ಯಾವಾಗ ಮಾಡುತ್ತೇವೆ ಎಂದು ಹೇಳಿ, ಹೇಳಿದಂತೆ ಮಾಡಿಸುತ್ತಾಳೆ. ಕೆಲಸ ಆದ ಮೇಲೆ ಯಾರೂ ಹಿಂದಿರುಗಿ ಬಂದು ಧನ್ಯವಾದ ಹೇಳುವುದಿಲ್ಲ. ದೂರು ಬಗೆಹರಿದವರು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಇಂಥ ತಣ್ಣನೆಯ ಹೆಂಗಸಿಗೆ ಶ್ರೀನಿವಾಸಪುರದ ಬಸ್ಸು ಇಳಿದು ಮನೆಯ ಹೊಸ್ತಿಲು ದಾಟಿದರೆ ಸಾಕು, ಹೊಟ್ಟೆಯಲ್ಲಿ ಉರಿ ಏಳುತ್ತಿತ್ತು. ಉರಿಯ ಹೆಸರು ಧನಶ್ರೀ. ಸುನಂದಳ ಮೈದುನ ಅನಿಲ್‌ಕುಮಾರನ ಹೆಂಡತಿ, ಅಂದರೆ ಅವಳ ವಾರಗಿತ್ತಿ. ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಭಾಷಣ ಮಾಡುವವರು ಯಾರೂ ಒಂದೇ ಅಡುಗೆಮನೆಯಲ್ಲಿ ವಾರಗಿತ್ತಿಯ ಜೊತೆ ಬಾಳಿದವರಲ್ಲ. ಬಾಳಿದ್ದರೆ ಅಷ್ಟು ಸುಲಭವಾಗಿ ಬಾಯಿ ಬಿಡುತ್ತಿರಲಿಲ್ಲ.

ಸುನಂದ ಮುಳಬಾಗಿಲಿನವಳು, ಬಿ.ಕಾಂ. ಓದಿದವಳು. ಮನೆಗೆ ಮೊದಲ ಸೊಸೆಯಾಗಿ ಬಂದಾಗ ಅತ್ತೆ ವೆಂಕಟರತ್ನಮ್ಮ ನಾಲ್ಕು ಜನರ ಮುಂದೆ "ನಮ್ ದೊಡ್ ಸೊಸೆ ಆಫೀಸ್ನಾಗೆ ಕೆಲ್ಸ ಮಾಡ್ತಾಳೆ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ಆ ಮಾತು ನಿಂತು ವರ್ಷಗಳಾದವು. ಧನಶ್ರೀ ಹುತ್ತೂರಿನ ಕಡೆಯವಳು. ಅವಳ ತಾಯಿ ಅಂಜಮ್ಮ ಸಂತೆಯಲ್ಲಿ ಸೊಪ್ಪು, ಹುಣಸೆಹಣ್ಣು ಮಾರಿ ಮಕ್ಕಳನ್ನು ಸಾಕಿದವಳು. ಧನಶ್ರೀ ಮದುವೆಯಾದ ಹೊಸದರಲ್ಲಿ ಕಂಪನಿ ಗಾಡಿ ಹತ್ತಿ ಮಾಲೂರಿನ ಕಾರ್ಖಾನೆಗೆ ಹೋಗುತ್ತಿದ್ದಳು. ಬೆಳಕು ಹರಿಯುವ ಮುಂಚೆ ಹೊರಟು, ಬಂದಾಗ ನಿಂತಲ್ಲೇ ನಿದ್ದೆ ಹೋಗುವಷ್ಟು ಸೋತಿರುತ್ತಿದ್ದಳು. ಆಗ ಸುನಂದಳಿಗೆ ಅವಳ ಮೇಲೆ ಯಾವ ಹೊಟ್ಟೆಕಿಚ್ಚೂ ಇರಲಿಲ್ಲ. ಅವಳಿಗೆಂದು ಸಾರು ಎತ್ತಿಟ್ಟಿರುತ್ತಿದ್ದಳು ಕೂಡ.

ಆಮೇಲೆ ಧನಶ್ರೀ ಕಾರ್ಖಾನೆ ಬಿಟ್ಟು ಫೋನಿನಲ್ಲಿ ಅಂಗಡಿ ಇಟ್ಟಳು. ದೊಡ್ಡ ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ ಅವಳದೊಂದು ಖಾತೆ. ಮನೆಯಲ್ಲೇ ಹುರಿದು ಬೀಸಿದ ರಾಗಿ ಹುರಿಹಿಟ್ಟು, ಮಾವಿನಕಾಯಿ ಉಪ್ಪಿನಕಾಯಿ, ಹಣ್ಣಿನ ರಸವನ್ನು ಬಿಸಿಲಿಗೆ ಹರಡಿ ಒಣಗಿಸಿದ ತಾಂಡ್ರ, ಇಷ್ಟೇ ಸರಕು. ನಡುಮನೆಯಲ್ಲಿ ರಟ್ಟಿನ ಡಬ್ಬಗಳು ಗೋಡೆಯೆತ್ತರ ಬೆಳೆದವು. ಸುನಂದ ಕೂತು ಕಾಫಿ ಕುಡಿಯುತ್ತಿದ್ದ ಜಾಗ ಉಪ್ಪಿನಕಾಯಿ ಜಾಡಿಗಳಿಗೆ ಹೋಯಿತು. ಹೆಂಡತಿಗೆ ಒಂದು ಕೊಡ ನೀರು ಎತ್ತಿಕೊಡದ ಅವಳ ಗಂಡ ಅಮರನಾಥ, ತಮ್ಮನ ಹೆಂಡತಿಯ ಡಬ್ಬಗಳನ್ನು ಮಾತ್ರ ಹೆಗಲ ಮೇಲಿಟ್ಟುಕೊಂಡು ಕೊರಿಯರ್ ಗಾಡಿಯವರೆಗೆ ಹೊತ್ತು ಕೊಡುತ್ತಿದ್ದ.

ಎಲ್ಲಕ್ಕಿಂತ ಉರಿಸಿದ್ದು ಗಿರಾಕಿಗಳ ಮಾತು. ಪುಣೆ, ಮೈಸೂರು, ಹುಬ್ಬಳ್ಳಿಗಳಿಂದ ಯಾರ‍್ಯಾರೋ ಐದು ಸ್ಟಾರ್ ಕೊಟ್ಟು ಉದ್ದುದ್ದ ಬರೆಯುತ್ತಿದ್ದರು. "ಆರ್ಡರ್ ಮಾಡಿದ್ದಕ್ಕಿಂತ ಜಾಸ್ತಿ ಬಂತು, ನಮ್ಮಜ್ಜಿ ನೆನಪಾದಳು" ಎಂದು ಒಬ್ಬಳು. "ಪೊಟ್ಟಣ ಬಿಚ್ಚಿದಾಗ ಒಂದು ತುಂಡು ತಾಂಡ್ರ ಸುಮ್ಮನೆ ಇಟ್ಟಿದ್ದರು, ನನ್ನ ಮಗ ಕುಣಿದಾಡಿದ" ಎಂದು ಇನ್ನೊಬ್ಬ. ಅತ್ತೆ ಅದನ್ನೆಲ್ಲ ಅಕ್ಕಪಕ್ಕದ ಮನೆಯವರಿಗೆ ಓದಿಸಿ ಕೇಳಿಸುತ್ತಿದ್ದರು. ಸುನಂದ ಮೂಗು ಮುರಿದು ಒಳಗೆ ಹೋಗುತ್ತಿದ್ದಳು. ಆದರೆ ಕೋಲಾರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನ್ನೇ ಒಂದೊಂದಾಗಿ ಓದುತ್ತಿದ್ದಳು. ಬೇರೆ ಹೆಸರಿನಲ್ಲಿ ಏನಾದರೂ ತರಿಸಿ ನಾಲ್ಕು ಸ್ಟಾರ್ ಕೊಟ್ಟುಬಿಡೋಣ ಎಂದು ಒಮ್ಮೆ ಅನ್ನಿಸಿತ್ತು. ಮೂರು ಕೊಡುವಷ್ಟು ಕೆಟ್ಟವಳಲ್ಲ ಅವಳು.

ಆ ಹೆಚ್ಚಿನದು ಕೊಸರು. ಅಳೆದು ಕೊಟ್ಟ ಮೇಲೆ ಕೈ ತಾನಾಗಿ ಹೋಗಿ ಮೇಲೊಂದು ಹಿಡಿ ಹಾಕುವುದು ನಮ್ಮ ಕಡೆಯ ಸಂತೆಗಳಲ್ಲಿ ಯಾರೂ ಕಲಿಸದೆ ಬರುವ ವಿದ್ಯೆ. ಕೊಸರು ಬೀಳುವವರೆಗೆ ಕೊಳ್ಳುವವರು ಚೀಲದ ಬಾಯಿ ಮುಚ್ಚುವುದೂ ಇಲ್ಲ. ಧನಶ್ರೀ ಅಂಜಮ್ಮನ ಪಕ್ಕದಲ್ಲಿ ಗೋಣಿತಾಟಿನ ಮೇಲೆ ಕೂತು ಬೆಳೆದವಳು. ಅರ್ಧ ಕೆಜಿ ಹುರಿಹಿಟ್ಟು ತೂಗಿ, ಪೊಟ್ಟಣದ ಬಾಯಿ ಅಂಟಿಸುವ ಮುಂಚೆ ಅವಳ ಕೈ ಮತ್ತೊಮ್ಮೆ ಡಬ್ಬಿಗೆ ಇಳಿಯುತ್ತಿತ್ತು. ಉಪ್ಪಿನಕಾಯಿಯ ಜೊತೆಗೆ ತಾಂಡ್ರ ಮುರಿದು ಇಡುತ್ತಿದ್ದಳು. ಕೊರಿಯರ್ ಚೀಟಿಯಲ್ಲಿ ಬರೆಯುವ ತೂಕ ಮಾತ್ರ ತಕ್ಕಡಿ ಹೇಳಿದ್ದು. ಕೊಸರನ್ನು ತೂಗಿ ಬರೆಯುವುದು ಅವಳಿಗೆ ಹೊಳೆಯಲೇ ಇಲ್ಲ. ಅವಳಮ್ಮನಿಗೂ ಹೊಳೆಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳ ಅಂಗಡಿ ಫೋನಿನಲ್ಲಿ ತೆರೆದುಕೊಳ್ಳಲಿಲ್ಲ. ನಿಯಮಗಳನ್ನು ಪದೇ ಪದೇ ಉಲ್ಲಂಘಿಸಿದ ಕಾರಣ ಖಾತೆಯನ್ನು ನಿಷ್ಕ್ರಿಯಗೊಳಿಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು. ಕೆಳಗೆ, ತಕರಾರಿದ್ದರೆ ಬರೆಯಿರಿ ಎಂದು ಒಂದು ಕೊಂಡಿ.

ಮನೆಯವರು ಮಾಡಬಾರದ್ದನ್ನೆಲ್ಲ ಒಂದೇ ದಿನದಲ್ಲಿ ಮಾಡಿದರು. ಧನಶ್ರೀ ಅಳುತ್ತಾ ಒಂದೇ ಮಾತನ್ನು ಮತ್ತೆ ಮತ್ತೆ ಬರೆದು ಕಳಿಸಿದಳು. ಅನಿಲ್‌ಕುಮಾರ ಕೋರ್ಟಿಗೆ ಎಳೆಯುತ್ತೇನೆ, ಟೀವಿಯವರನ್ನು ಕರೆಸುತ್ತೇನೆ ಎಂದು ಬರೆದ. ಅದಕ್ಕೂ ಉತ್ತರ ಬರದೆ ಹೋದಾಗ ಬುದ್ಧಿವಂತಿಕೆ ಮಾಡಿ, ತನ್ನ ಹೆಸರಿನಲ್ಲಿ ಅದೇ ಫೋನಿನಿಂದ, ಅದೇ ಫೋಟೊಗಳನ್ನು ಹಾಕಿ ಹೊಸ ಖಾತೆ ತೆರೆದ. ಅದು ಮಧ್ಯಾಹ್ನದೊಳಗೆ ಮುಚ್ಚಿತು. ಕಳ್ಳನ ಹಾಗೆ ಹಿಂಬಾಗಿಲಿನಿಂದ ಬಂದಿದ್ದೀರಿ ಎನ್ನುವ ಅರ್ಥದ ಇನ್ನೆರಡು ಸಾಲು ಬಂದವು.

ಆ ಸಂಜೆ ಸುನಂದ ಬಸ್ಸಿಳಿದು ಬಂದಾಗ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ವಿಷಯ ತಿಳಿದಾಗ ಅವಳಿಗೆ ಮೊದಲು ಆದದ್ದು ಸಮಾಧಾನ. ಮುಖ ಗಂಭೀರ ಮಾಡಿಕೊಂಡು ಕೈಕಾಲು ತೊಳೆಯಲು ಹೋದಳು.

"ಸುನಂದ, ನೀನು ದೂರು ನೋಡ್ಕೊಳ್ಳೋಳಲ್ವೇನಮ್ಮ? ಇದುನ್ನೂ ಒಸಿ ನೋಡು" ಎಂದರು ಅತ್ತೆ, ಹಿಂದೆಯೇ ಬಂದು ನಿಂತು.

"ನಮ್ಮಲ್ಲಿ ಬರೋದು ಸಿಲಿಂಡರ್ ದೂರು ಅತ್ತೆ. ಇದು ಬೇರೆ."

"ಬೇರೆ ಏನು ಬಂತು? ದೂರು ದೂರೇ."

"ನಾಳೆ ನೋಡ್ತೀನಿ" ಎಂದಳು ಸುನಂದ. ನಾಳೆ ನೋಡಲಿಲ್ಲ. ಮಾರನೆಯ ದಿನವೂ ತಲೆನೋವು ಎಂದು ಮಲಗಿದಳು. ಅತ್ತೆ ಎರಡು ಸಲ ಕಾಫಿ ಮಾಡಿ ತಂದುಕೊಟ್ಟರು. ಅನಿಲ್‌ಕುಮಾರ "ಅತ್ತಿಗೆ, ನೀವು ಬರುದ್ರೇನೆ ಕೆಲ್ಸ ಆಗೋದು" ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದ. ತನ್ನನ್ನು ಯಾರಾದರೂ ಹೀಗೆ ಕಾದು ಎಷ್ಟು ಕಾಲವಾಗಿತ್ತು ಎಂದು ಸುನಂದ ಯೋಚಿಸಿದಳು. ಇನ್ನೂ ಸ್ವಲ್ಪ ಕಾಯಲಿ ಎನ್ನಿಸಿತು.

ಕೊನೆಗೆ ಧನಶ್ರೀಯೇ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತಳು. ಅತ್ತು ಅತ್ತು ಮುಖ ಊದಿತ್ತು.

"ಅಕ್ಕ, ಇದು ಹೋದ್ರೆ ನಾನು ಮತ್ತೆ ಕಂಪನಿ ಗಾಡಿ ಹತ್ತಬೇಕು" ಎಂದಳು. "ಆಗಲ್ಲ ಅಕ್ಕ ನನ್ ಕೈಲಿ. ಅಲ್ಲಿ ನಾನು ಯಾರು ಅನ್ನೋದೇ ಮರ್ತೋಗ್ತಿತ್ತು."

ಸುನಂದ ಎದ್ದು ಕೂತಳು. ಎದುರಿಗೆ ದೂರು ಹೊತ್ತವರು ಕೂತಾಗ ಅವಳೊಳಗಿನ ಕೌಂಟರ್ ತಾನಾಗಿ ತೆರೆದುಕೊಳ್ಳುತ್ತದೆ. ಅಭ್ಯಾಸ ಅಂಥದ್ದು. "ಮೊದ್ಲಿಂದ ಹೇಳು, ಒಂದೂ ಬಿಡ್ಬೇಡ" ಎಂದಳು. ಧನಶ್ರೀ ಹೇಳಿದಳು. ಸುನಂದ ಹಳೆಯ ಎಚ್ಚರಿಕೆಗಳನ್ನು ಹುಡುಕಿ ತೆಗೆದು ಓದಿದಳು. ಕೊರಿಯರ್‌ನವರ ಯಂತ್ರ ತೂಗಿದ ತೂಕಕ್ಕೂ ಚೀಟಿಯ ತೂಕಕ್ಕೂ ತಾಳೆ ಇಲ್ಲ ಎಂದು ಹಲವು ಸಲ ಬರೆದಿದ್ದರು. ಪಟ್ಟಿಯಲ್ಲಿಲ್ಲದ ವಸ್ತು ಪೊಟ್ಟಣದಲ್ಲಿ ಬಂದಿದೆ, ಇದೇನೆಂದು ಗೊತ್ತಾಗದೆ ಎಸೆದೆ ಎಂದು ದಿಲ್ಲಿಯ ಕಡೆಯ ಗಿರಾಕಿಯೊಬ್ಬ ದೂರು ಕೊಟ್ಟಿದ್ದ. ಧನಶ್ರೀ ಇಂಗ್ಲಿಷ್ ಎಂದು ಎಲ್ಲವನ್ನೂ ಹಾಗೇ ಸರಿಸಿಬಿಟ್ಟಿದ್ದಳು.

"ಕೊಸರು ಕೊಟ್ಟಿದ್ದಕ್ಕಾ ಅಕ್ಕ?" ಎಂದಳು ಧನಶ್ರೀ, ನಂಬಿಕೆ ಬಾರದೆ.

ಸುನಂದ ಆ ಎಚ್ಚರಿಕೆಗಳನ್ನು ಮತ್ತೊಮ್ಮೆ ಓದಿ ನೋಡಿದಳು. ತೂಕ ಕಡಿಮೆ ಬಂತೆಂದು ಜಗಳಕ್ಕೆ ನಿಂತವರನ್ನು ಅವಳು ದಿನವೂ ನೋಡುತ್ತಾಳೆ. ಹೆಚ್ಚಿಗೆ ಕೊಟ್ಟು ಸಿಕ್ಕಿಬಿದ್ದವಳನ್ನು ನೋಡಿದ್ದು ಇದೇ ಮೊದಲು.

"ಅವರಿಗೆ ಕೊಸರು ಗೊತ್ತಿಲ್ಲ. ಸುಳ್ಳು ತೂಕ ಮಾತ್ರ ಗೊತ್ತು" ಎಂದಳು.

"ಹಂಗಾದ್ರೆ ಒಂದು ಕೇಳಿ ಅವರ್ನ. ಕೊಸರು ಕೊಡೋಕೆ ಏನಾದ್ರೂ ದಾರಿ ಐತಾ ಅಂತ. ತೂಕ ಬರ್ಕೊಡು ಅಂದ್ರೆ ಬರ್ಕೊಡ್ತೀನಿ, ಹೆಸ್ರು ಹಾಕು ಅಂದ್ರೆ ಹಾಕ್ತೀನಿ. ಅದೊಂದು ಬಿಡಿಸ್ಬೇಡಿ ಅಕ್ಕ."

"ಕೇಳ್ತೀನಿ" ಎಂದಳು ಸುನಂದ.

ಭಾನುವಾರ ಬೆಳಿಗ್ಗೆ ಪತ್ರ ಬರೆಯಲು ಕೂತಳು. ಅಂಥ ಪತ್ರ ಬರೆಯುವುದರಲ್ಲಿ ಅವಳನ್ನು ಮೀರಿಸುವವರು ಜಿಲ್ಲೆಯಲ್ಲಿ ಕಡಿಮೆ ಎಂದೇ ನನ್ನ ಭಾವನೆ. ಗೋಳಿಲ್ಲ, ಬೆದರಿಕೆಯಿಲ್ಲ, ತಾವು ದೊಡ್ಡವರು ಎಂಬ ಎಣ್ಣೆ ಹಚ್ಚುವ ಮಾತಿಲ್ಲ. ಖಾತೆ ಯಾರದು, ಏನಾಯಿತು, ಯಾಕಾಯಿತು ಎಂದು ಮೊದಲು ಬರೆದಳು. ತೂಕ ವ್ಯತ್ಯಾಸವಾದದ್ದು ನಿಜ, ಮೋಸದ ಉದ್ದೇಶದಿಂದಲ್ಲ, ಗಿರಾಕಿಗೆ ಸ್ವಲ್ಪ ಹೆಚ್ಚಿಗೆ ಕೊಡುವ ಇಲ್ಲಿಯ ರೂಢಿಯಿಂದ ಎಂದಳು. ಎಚ್ಚರಿಕೆಗಳನ್ನು ಓದದೆ ಬಿಟ್ಟದ್ದು ನಮ್ಮ ತಪ್ಪು ಎಂದಳು. ಮೈದುನನ ಹಿಂಬಾಗಿಲ ಖಾತೆಯನ್ನೂ ಮುಚ್ಚಿಡದೆ ತಾನಾಗಿ ಹೇಳಿ, ಗಾಬರಿಯಲ್ಲಿ ಆದದ್ದು, ಅದನ್ನು ಅಳಿಸಿಬಿಡಿ ಎಂದಳು. ಕಂಪನಿಗಳ ಕಡೆಯವರು ಏನು ಓದಿದರೆ ಮೆತ್ತಗಾಗುತ್ತಾರೆ ಎಂದು ಅವಳಿಗೆ ಗೊತ್ತು. ಅವಳೇ ವರ್ಷಗಟ್ಟಲೆ ಆ ಕಡೆ ಕೂತವಳು.

ಉಳಿದದ್ದು ಒಂದೇ ಸಾಲು. ಗಿರಾಕಿಗೆ ಉಚಿತವಾಗಿ ಸ್ವಲ್ಪ ಹೆಚ್ಚಿಗೆ ಕೊಡಲು ನಿಮ್ಮ ನಿಯಮದಲ್ಲಿ ದಾರಿಯಿದೆಯೇ, ದಯವಿಟ್ಟು ತಿಳಿಸಿ. ಅಷ್ಟೇ. ಸುನಂದಳ ಬೆರಳು ಫೋನಿನ ಮೇಲೆ ನಿಂತಿತು. ನಡುಮನೆಯಲ್ಲಿ ಅತ್ತೆ ಯಾರಿಗೋ ಫೋನಿನಲ್ಲಿ "ನಮ್ ಧನೂ ಕೈಗುಣ ಅಂಥಾದ್ದು, ಅದುಕ್ಕೇ ಕಣ್ ಬಿತ್ತು" ಎನ್ನುತ್ತಿದ್ದರು. ಪತ್ರ ಬರೆಯುತ್ತಾ ಕೂತವಳ ಹೆಸರು ಆ ಮಾತಿನಲ್ಲಿ ಎಲ್ಲೂ ಬರಲಿಲ್ಲ. ಖಾತೆ ಬೇಕಾದರೆ ತೆರೆಯಲಿ, ಅವಳ ಹೊಟ್ಟೆಪಾಡು ನಡೆಯಲಿ. ಆ ಒಂದು ಹಿಡಿ ಮಾತ್ರ ಬೇಡ ಎಂದುಕೊಂಡಳು ಸುನಂದ. ಆ ಹಿಡಿಯಿಂದಲೇ ಅಲ್ಲವೇ ಇವಳು ಊರೂರಿಗೆ ಅಜ್ಜಿಯಾದದ್ದು. ಆ ಸಾಲಿನ ಬದಲು "ಇನ್ನು ಮುಂದೆ ಆರ್ಡರಿನಲ್ಲಿ ಇರುವುದರ ಹೊರತು ಏನನ್ನೂ ಕಳಿಸುವುದಿಲ್ಲ" ಎಂದು ಬರೆದು ಕಳಿಸಿದಳು.

ಖಾತೆ ತೆರೆಯಿತು. ಸ್ಪಷ್ಟವಾಗಿ ವಿವರಿಸಿದ್ದಕ್ಕೆ ಧನ್ಯವಾದ ಎಂದು ಕಂಪನಿಯವರು ಬರೆದಿದ್ದರು. ಸುನಂದಳಿಗೆ ಕೆಲಸದ ವಿಷಯದಲ್ಲಿ ಬಂದ ಮೊದಲ ಧನ್ಯವಾದ ಅದು, ಅದೂ ಧನಶ್ರೀಯ ಹೆಸರಿಗೆ ಬಂತು. ಮನೆಯಲ್ಲಿ ಹೋಳಿಗೆ ಮಾಡಿದರು. ಅತ್ತೆ ಮೊದಲ ಹೋಳಿಗೆಯನ್ನು ಧನಶ್ರೀಯ ಬಾಯಿಗೆ ಇಟ್ಟರು.

"ಅಕ್ಕ, ಕೊಸರಿನ್ ವಿಷ್ಯ ಏನಂದ್ರು?" ಎಂದು ಧನಶ್ರೀ ಬಾಯಿಯಲ್ಲಿದ್ದುದನ್ನು ನುಂಗಿ ಕೇಳಿದಳು.

"ಆಗಲ್ಲ ಅಂದ್ರು."

"ತೂಕ ಬರುದ್ರೂನೂ?"

"ಆಗಲ್ಲ ಅಂದ್ರು ಅಂದ್ನಲ್ಲ ಧನು."

"ಪೋನೀಲೇ ಅಮ್ಮಾ, ಹೋಗ್ಲಿ ಬಿಡು, ಅಂಗ್ಡಿ ಬಂತಲ್ಲ" ಎಂದು ಅತ್ತೆ ಅವಳ ಬೆನ್ನು ಸವರಿದರು.

ಧನಶ್ರೀ ಹೊಸ ತಕ್ಕಡಿ ತರಿಸಿದಳು. ತೂಗುವಾಗ ಅವಳ ಕೈ ಡಬ್ಬಿಯ ಕಡೆಗೆ ಹೋಗುತ್ತಿತ್ತು, ಅಲ್ಲೇ ತಡೆದು ವಾಪಸು ತೊಡೆಯ ಮೇಲೆ ಬರುತ್ತಿತ್ತು. ದಿನ ಕಳೆದಂತೆ ಹೋಗುವುದನ್ನೂ ಬಿಟ್ಟಿತು. ವ್ಯಾಪಾರ ಕಡಿಮೆಯಾಗಲಿಲ್ಲ, ಸ್ಟಾರುಗಳೂ ಕಡಿಮೆಯಾಗಲಿಲ್ಲ. ಮಾತು ಮಾತ್ರ ಚಿಕ್ಕದಾಯಿತು. ಸುನಂದ ಬಸ್ಸಿನಲ್ಲಿ ತೆಗೆದು ನೋಡಿದರೆ "ಚೆನ್ನಾಗಿದೆ", "ಸರಿಯಾಗಿ ತಲುಪಿತು", "ಹೇಳಿದಷ್ಟು ಇದೆ". ಅಜ್ಜಿಯನ್ನು ಯಾರೂ ನೆನೆಯಲಿಲ್ಲ. ತನ್ನ ಕೌಂಟರಿನಲ್ಲಿ ದೂರು ಮುಗಿದ ಮೇಲೆ ಜನ ಹೇಳುವುದೂ ಇಷ್ಟೇ. ಧನಶ್ರೀಯನ್ನು ತನ್ನ ಹಾಗೆ ಮಾಡಿಬಿಟ್ಟೆ ಎಂದು ಸುನಂದಳಿಗೆ ಗೊತ್ತಾಯಿತು. ಮೊದಮೊದಲು ಅದು ಹಿತವಾಗಿಯೇ ಇತ್ತು. ರಾಗಿ ಹುರಿಯುವಾಗ ಧನಶ್ರೀ ಗುನುಗುತ್ತಿದ್ದ ತೆಲುಗು ಪದಗಳು ನಿಂತುಹೋದದ್ದು ಗಮನಕ್ಕೆ ಬಂದ ಮೇಲೆ ಅಷ್ಟು ಹಿತವೆನಿಸಲಿಲ್ಲ.

ಒಂದು ಶನಿವಾರ ಎದುರು ಬೀದಿಯ ಮುದುಕಿ ಕದಿರಮ್ಮ ಹುರಿಹಿಟ್ಟು ಕೊಳ್ಳಲು ಬಂದಳು. ಬಾಣಂತಿ ಮೊಮ್ಮಗಳಿಗೆ ಬೇಕಂತೆ. ಧನಶ್ರೀ ತಕ್ಕಡಿಯಲ್ಲಿ ತೂಗಿ, ಚಮಚದ ತುದಿಯಿಂದ ಒಂದಿಷ್ಟು ವಾಪಸು ತೆಗೆದು, ಮುಳ್ಳು ನೆಟ್ಟಗಾದ ಮೇಲೆ ಮುದುಕಿಯ ಬಟ್ಟೆಚೀಲಕ್ಕೆ ಸುರಿದಳು. ಕದಿರಮ್ಮ ಚೀಲದ ಬಾಯಿ ಮುಚ್ಚಲಿಲ್ಲ. ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ನಿಂತೇ ಇದ್ದಳು. ಧನಶ್ರೀ ಡಬ್ಬಿಯ ಮುಚ್ಚಳ ಹಾಕಿದಳು.

"ಆಯ್ತೇನಮ್ಮ?" ಎಂದಳು ಕದಿರಮ್ಮ.

"ಆಯ್ತು ಅಜ್ಜಿ. ಸರಿಯಾಗೈತೆ."

ಮುದುಕಿ ಚೀಲದೊಳಗೆ ನೋಡಿದಳು, ಧನಶ್ರೀಯ ಮುಖ ನೋಡಿದಳು, ಚೀಲದ ಬಾಯಿಯನ್ನು ನಿಧಾನವಾಗಿ ತಿರುಚಿ ಹೊರಟಳು. ಬೀದಿಯ ಗಿರಾಕಿಗೆ ಕೊಸರು ಕೊಡಬೇಡ ಎಂದು ಯಾವ ಕಂಪನಿಯೂ ಹೇಳಿರಲಿಲ್ಲ. ಧನಶ್ರೀಯ ಕೈಯೇ ಕೊಡುವುದನ್ನು ಮರೆತಿತ್ತು. ಬಟ್ಟೆ ಮಡಿಸುತ್ತಿದ್ದ ಸುನಂದ ಎಲ್ಲವನ್ನೂ ನೋಡಿದಳು. ಈಗ ಹೊಟ್ಟೆಕಿಚ್ಚು ಪಡೋಣವೆಂದರೂ ಧನಶ್ರೀಯಲ್ಲಿ ಏನೂ ಉಳಿದಿರಲಿಲ್ಲ. ತಾನು ಗೆದ್ದದ್ದು ಇದಕ್ಕೇನಾ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಸೋಮವಾರ ಊಟದ ವಿರಾಮದಲ್ಲಿ, ಏಜೆನ್ಸಿಯ ಕೌಂಟರಿನಲ್ಲೇ ಕೂತು, ಬರೆಯದೆ ಬಿಟ್ಟಿದ್ದ ಆ ಒಂದು ಸಾಲನ್ನು ಬರೆದು ಕಳಿಸಿದಳು. ಸಂಜೆಯ ಬಸ್ಸಿನಲ್ಲಿರುವಾಗಲೇ ಉತ್ತರ ಬಂತು. ಉಚಿತ ಮಾದರಿ ಎಂದು ಪಟ್ಟಿಯಲ್ಲಿ ಹೆಸರು ಹಾಕಿ, ಅದರ ತೂಕವನ್ನೂ ಸೇರಿಸಿ ಬರೆದರೆ ಧಾರಾಳವಾಗಿ ಕೊಡಬಹುದು ಎಂದಿತ್ತು. ಎಷ್ಟು ಸುಲಭ. ಯಾರೂ ಬೇಡ ಅಂದೇ ಇರಲಿಲ್ಲ. ಈ ಉತ್ತರ ಈಗಷ್ಟೇ ಬಂತು, ಅವರು ನಿಯಮ ಬದಲಾಯಿಸಿದರು ಎಂದು ಹೇಳಿಬಿಡಬಹುದಿತ್ತು. ಬಸ್ಸು ಇಳಿಯುವವರೆಗೂ ಅವಳು ಹಾಗೆಯೇ ಹೇಳುವುದೆಂದು ಅಂದುಕೊಂಡಿದ್ದಳು.

ಧನಶ್ರೀ ನಡುಮನೆಯಲ್ಲಿ ಪೊಟ್ಟಣಗಳಿಗೆ ಚೀಟಿ ಅಂಟಿಸುತ್ತಿದ್ದಳು. ಸುನಂದ ಚೀಲ ಕೆಳಗಿಡದೆ ನಿಂತೇ ಹೇಳಿದಳು. "ಧನು, ಕೊಸರು ಕೊಡಬೋದಂತೆ. ಹೆಸರು, ತೂಕ ಎರಡೂ ಬರೀಬೇಕು ಅಷ್ಟೇ."

ಧನಶ್ರೀಯ ಕೈಯಲ್ಲಿದ್ದ ಚೀಟಿ ಹಾಗೇ ನಿಂತಿತು. ಮುಖ ಅರಳಿತು. ಮರುಕ್ಷಣ ಹುಬ್ಬು ಗಂಟಾಯಿತು. "ಮೊದ್ಲು ಆಗಲ್ಲ ಅಂದಿದ್ರಲ್ಲ ಅಕ್ಕ?"

"ಮೊದ್ಲು ನಾನು ಕೇಳೇ ಇರ್ಲಿಲ್ಲ."

"ಮರ್ತೋಗಿತ್ತಾ?"

ಹೂಂ ಎನ್ನಲು ಅದೇ ಕೊನೆಯ ಅವಕಾಶ. ಧನಶ್ರೀಯೇ ತಾನಾಗಿ ಕೊಟ್ಟದ್ದು. "ಇಲ್ಲ" ಎಂದಳು ಸುನಂದ. "ಬೇಕು ಅಂತಾನೇ ಕೇಳ್ಲಿಲ್ಲ. ಎಲ್ರೂ ನಿನ್ನೇ ಹೊಗುಳ್ತಿದ್ರು. ನನಗೆ ತಡ್ಕೊಳ್ಳೋಕಾಗ್ಲಿಲ್ಲ."

ಧನಶ್ರೀ ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಕೈಯಲ್ಲಿದ್ದ ಚೀಟಿಯನ್ನು ಪೊಟ್ಟಣಕ್ಕೆ ಅಂಟಿಸಿ ಮುಗಿಸಿದಳು. ಆಮೇಲೆ ಡಬ್ಬಿ ಹತ್ತಿರ ಎಳೆದುಕೊಂಡು, ಒಂದು ಹಿಡಿ ಹುರಿಹಿಟ್ಟು ತೆಗೆದು ತಕ್ಕಡಿಯಲ್ಲಿಟ್ಟಳು. ಮತ್ತೊಂದು ಹಿಡಿ ತೆಗೆದು ತೂಗಿದಳು. ಎರಡು ಹಿಡಿಯ ತೂಕ ಒಂದೇ ಬರಲಿಲ್ಲ.

"ಯಾವ್ದು ಬರೀಲಿ?" ಎಂದಳು, ತಲೆ ಎತ್ತದೆ.

"ದೊಡ್ಡದನ್ನ ಬರಿ" ಎಂದಳು ಸುನಂದ.

ಅಂದು ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ಬಡಿಸಿದವಳು ಧನಶ್ರೀ. ಅತ್ತೆ ಸಾಕು ಸಾಕು ಎಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದಲೇ ಇನ್ನೊಂದು ಸೌಟು ಬಿತ್ತು. ಅಮರನಾಥನ ತಟ್ಟೆಯಲ್ಲಿ ಮುದ್ದೆ ಮುಳುಗುವಷ್ಟು ಸಾರು ತುಂಬಿತು. ತನ್ನ ಗಂಡನಿಗೆ ಬಡಿಸುವಾಗ ಧನಶ್ರೀ ಬಹಳ ದಿನಗಳ ಮೇಲೆ ಏನನ್ನೋ ಗುನುಗಿದಳು. ಸುನಂದಳ ತಟ್ಟೆಗೆ ಒಂದು ಮುದ್ದೆ ಇಟ್ಟು, ಒಂದು ಸೌಟು ಸಾರು ಹಾಕಿದಳು, ಚೆಲ್ಲದ ಹಾಗೆ, ಅಳತೆಗೆ ಸರಿಯಾಗಿ.

"ಇನ್ನೇನಾದ್ರೂ ಬೇಕಾ ಅಕ್ಕ?" ಎಂದಳು. ದನಿಯಲ್ಲಿ ಮರ್ಯಾದೆಗೆ ಏನೂ ಕಡಿಮೆ ಇರಲಿಲ್ಲ.

"ಬೇಡ, ಸಾಕು" ಎಂದಳು ಸುನಂದ.

ಸಾಕು ಎಂದ ತಕ್ಷಣ ಧನಶ್ರೀ ಸೌಟನ್ನು ಪಾತ್ರೆಗೆ ಹಾಕಿ, ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಗೋಡೆಯ ಪಕ್ಕದಲ್ಲಿ ನಾಳೆ ಹೊರಡಬೇಕಾದ ಪೊಟ್ಟಣಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದರಲ್ಲೂ ಒಂದು ಹಿಡಿ ಹೆಚ್ಚಿಗೆ ಇತ್ತು, ಮೈಸೂರಿನ ಯಾರಿಗೋ, ಪುಣೆಯ ಯಾರಿಗೋ. ಮುಖ ಕಂಡರಿಯದ ಆ ಜನರ ಮೇಲೆ ಸುನಂದಳಿಗೆ ಹೊಟ್ಟೆಕಿಚ್ಚಾಯಿತು.